ಮುಟ್ಟು ನಿಲ್ಲುವ ಮುಂಚೆ

ನಾವು ದೊಡ್ಡವರಾದಾಗ ಮನೆಯಲ್ಲಿ ಸಡಗರ. ಆರತಿ ಮಾಡಿದರು. ಚಿಗಳಿ, ಕೊಬ್ಬರಿ ತಿನ್ನಿಸಿದರು. ಬಟ್ಟೆ ಹೇಗೆ ಬಳಸಬೇಕು ಅಂತ ಅಜ್ಜಿಯೋ ಅತ್ತೆಯೋ ಹೇಳಿಕೊಟ್ಟರು. ಬಸಿರಾದಾಗಲೂ ಹತ್ತು ಜನ ಬುದ್ಧಿ ಹೇಳಿದರು.

ಮುಟ್ಟು ನಿಲ್ಲುವ ಕಾಲ ಬಂದಾಗ? ಯಾರೂ ಏನೂ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ನಾಚಿಕೆ. ಮೈಯಲ್ಲಿ ಏರುಪೇರಾದರೆ "ಯಾರ ಕಣ್ಣು ಬಿತ್ತೋ" ಅಂತ ಹೆದರುತ್ತೇವೆ. ಇಲ್ಲವೇ "ಹೆಂಗಸರಿಗೆ ಇದೆಲ್ಲಾ ಇದ್ದದ್ದೇ" ಅಂತ ಸುಮ್ಮನಾಗುತ್ತೇವೆ. ಸುಮ್ಮಸುಮ್ಮನೆ ಹೆದರುವುದೂ ಬೇಡ. ಸುಮ್ಮನಿರುವುದೂ ಬೇಡ. ತಿಳಿದುಕೊಳ್ಳೋಣ.

ಒಳಗೆ ಏನಾಗುತ್ತದೆ?

ನಮ್ಮ ಕಿಬ್ಬೊಟ್ಟೆಯಲ್ಲಿ ಗರ್ಭಕೋಶ ಇದೆ. ಅದರ ಎಡಕ್ಕೊಂದು, ಬಲಕ್ಕೊಂದು ಅಂಡಾಶಯ ಇವೆ. ಅಂಡಾಶಯದಲ್ಲಿ ಹಾರ್ಮೋನು ಎಂಬ ರಸ ತಯಾರಾಗುತ್ತದೆ. ತಿಂಗಳು ತಿಂಗಳು ಮುಟ್ಟು ಬರುವುದು ಈ ರಸದಿಂದ.

ವಯಸ್ಸು 40 ದಾಟಿದ ಮೇಲೆ ಅಂಡಾಶಯಕ್ಕೂ ದಣಿವು. ರಸ ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ. ಆದ್ದರಿಂದ ಮುಟ್ಟೂ ಏರುಪೇರು. ಕೊನೆಗೆ ಒಂದು ದಿನ ಮುಟ್ಟು ನಿಂತೇ ಹೋಗುತ್ತದೆ. ಒಂದು ವರ್ಷ ಪೂರ್ತಿ, ಅಂದರೆ 12 ತಿಂಗಳು, ಮುಟ್ಟು ಬರದಿದ್ದರೆ ನಿಂತಿತು ಅಂತ ಲೆಕ್ಕ.

ನಮ್ಮ ದೇಶದಲ್ಲಿ ಬಹಳ ಹೆಂಗಸರಿಗೆ 45ರಿಂದ 50 ವರ್ಷದೊಳಗೆ ಮುಟ್ಟು ನಿಲ್ಲುತ್ತದೆ. ಅದಕ್ಕೆ ಕೆಲವು ವರ್ಷ ಮೊದಲೇ ಗುರುತುಗಳು ಕಾಣುತ್ತವೆ. ಇದು ರೋಗ ಅಲ್ಲ. ಮುಟ್ಟು ಬಂದದ್ದು ಹೇಗೆ ಸಹಜವೋ, ಹೋಗುವುದೂ ಹಾಗೆಯೇ ಸಹಜ.

ಆದರೆ 40 ವರ್ಷಕ್ಕೆ ಮುಂಚೆಯೇ ಮುಟ್ಟು ನಿಂತರೆ ಡಾಕ್ಟರಿಗೆ ತೋರಿಸಬೇಕು.

ಮೊದಲ ಗುರುತುಗಳು

1. ಮುಟ್ಟಿನ ಲೆಕ್ಕ ತಪ್ಪುತ್ತದೆ. ಒಮ್ಮೆ ಬೇಗ, ಒಮ್ಮೆ ತಡ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ.

2. ಇದ್ದಕ್ಕಿದ್ದಂತೆ ಮೈ ಬಿಸಿಯಾಗುತ್ತದೆ. ಎದೆಯಿಂದ ಕತ್ತಿಗೆ, ಮುಖಕ್ಕೆ ಝಳ ಏರುತ್ತದೆ. ಬೆವರು ಕಿತ್ತುಬರುತ್ತದೆ. ಕೆಲವು ನಿಮಿಷದಲ್ಲಿ ತಣ್ಣಗಾಗುತ್ತದೆ.

3. ರಾತ್ರಿ ನಿದ್ದೆ ಬರುವುದಿಲ್ಲ. ಬೆವರಿ ಎಚ್ಚರವಾಗುತ್ತದೆ.

4. ಸಣ್ಣದಕ್ಕೂ ಸಿಟ್ಟು, ಅಳು. ಮರೆವು.

5. ಕೀಲು ನೋವು, ಸುಸ್ತು.

6. ಯೋನಿಯಲ್ಲಿ ಒಣಗಿದ ಹಾಗೆ, ಉರಿ. ಗಂಡನ ಜೊತೆ ಸೇರಿದಾಗ ನೋವು.

ಎಲ್ಲರಿಗೂ ಎಲ್ಲಾ ಗುರುತು ಬರುವುದಿಲ್ಲ. ಕೆಲವರಿಗೆ ಏನೂ ತಿಳಿಯುವುದೇ ಇಲ್ಲ.

ಸುಸ್ತು ರಕ್ತ ಕಡಿಮೆಯಾದರೂ ಬರುತ್ತದೆ. ಥೈರಾಯ್ಡ್ ತೊಂದರೆ ಇದ್ದರೂ ಬರುತ್ತದೆ. ರಾತ್ರಿ ಬೆವರಿನ ಜೊತೆ ಎರಡು ವಾರದಿಂದ ಕೆಮ್ಮು ಇದ್ದರೆ, ಮೈ ಇಳಿದಿದ್ದರೆ, ಕ್ಷಯ ಇರಬಹುದು. ಅದಕ್ಕೇ "ವಯಸ್ಸಾಯ್ತು" ಅಂತ ನಾವೇ ತೀರ್ಮಾನ ಮಾಡಬಾರದು. ರಕ್ತ, ಕಫ ಪರೀಕ್ಷೆ ಮಾಡಿಸಬೇಕು.

ಇನ್ನೊಂದು ಮಾತು. ಮುಟ್ಟು ತಪ್ಪುತ್ತಿದೆ ಅಂತ ಬಸಿರಾಗುವುದಿಲ್ಲ ಅಂದುಕೊಳ್ಳಬೇಡಿ. ಪೂರ್ತಿ ನಿಲ್ಲುವ ತನಕ ಬಸಿರಾಗಬಹುದು. ಮಕ್ಕಳಾಗದ ಆಪರೇಷನ್ ಆಗದಿದ್ದವರು ಬೇರೆ ಏನಾದರೂ ಜಾಗ್ರತೆ ಮಾಡಬೇಕು.

ಗೋಡೆಯ ಕ್ಯಾಲೆಂಡರ್

ಈಗ ನಮಗೆ ಅಕ್ಷರ ಬರುತ್ತದೆ. ಅಂಕಿ ಬರುತ್ತದೆ. ಅದನ್ನು ನಮ್ಮ ಮೈಗೂ ಉಪಯೋಗಿಸೋಣ.

ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದೆ. ಹಬ್ಬ, ಅಮಾವಾಸ್ಯೆ ನೋಡುತ್ತೇವೆ. ಹಾಲಿನ ಲೆಕ್ಕ ಬರೆಯುತ್ತೇವೆ. ಮುಟ್ಟಾದ ದಿನಕ್ಕೂ ಒಂದು ಸುತ್ತು ಹಾಕೋಣ. ರಕ್ತ ಎಷ್ಟು ದಿನ ಹೋಯಿತೋ ಅಷ್ಟು ದಿನಕ್ಕೂ ಸುತ್ತು. ಬಹಳ ಹೋದ ದಿನ "ಹೆ" ಅಂತ ಬರೆಯೋಣ. ಮೈ ಬಿಸಿಯಾದ ದಿನ "ಬಿ". ನಿದ್ದೆ ಇಲ್ಲದ ದಿನ "ನಿ". ಬೇರೆಯವರಿಗೆ ಗೊತ್ತಾಗುವುದಿಲ್ಲ. ನಮಗೆ ಗೊತ್ತಾಗುತ್ತದೆ.

ಒಂದು ಲೆಕ್ಕ ನೋಡೋಣ. ಒಬ್ಬ ಅಕ್ಕನಿಗೆ 44 ವರ್ಷ. ಜನವರಿ 5ಕ್ಕೆ ಮುಟ್ಟಾದಳು. ಮತ್ತೆ ಜನವರಿ 27ಕ್ಕೆ. ನಡುವೆ 22 ದಿನ. ಆಮೇಲೆ ಮಾರ್ಚ್ 15ಕ್ಕೆ. ನಡುವೆ 47 ದಿನ. ಹೀಗೆ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಏಳು ದಿನ ಅಥವಾ ಹೆಚ್ಚು ವ್ಯತ್ಯಾಸ ಪದೇ ಪದೇ ಬರುತ್ತಿದ್ದರೆ, ಮುಟ್ಟು ನಿಲ್ಲುವ ಕಾಲ ಶುರುವಾಗಿರಬಹುದು.

ಆಸ್ಪತ್ರೆಗೆ ಹೋಗುವಾಗ ಈ ಕ್ಯಾಲೆಂಡರ್ ತೆಗೆದುಕೊಂಡು ಹೋಗೋಣ. "ಯಾವಾಗಿಂದಮ್ಮ?" ಅಂತ ಡಾಕ್ಟರು ಕೇಳಿದರೆ ತಡವರಿಸಬೇಕಾಗಿಲ್ಲ. ತೋರಿಸಿದರಾಯಿತು.

ಯಾವಾಗ ತಡ ಮಾಡಬಾರದು?

● ಏಳು ದಿನಕ್ಕಿಂತ ಹೆಚ್ಚು ರಕ್ತ ಹೋದರೆ.
● ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಅಥವಾ ಪ್ಯಾಡ್ ತೊಯ್ದು ಬದಲಾಯಿಸಬೇಕಾದರೆ. ದೊಡ್ಡ ಹೆಪ್ಪುಗಳು ಬಿದ್ದರೆ.
● ಒಂದು ಮುಟ್ಟಿಗೂ ಇನ್ನೊಂದು ಮುಟ್ಟಿಗೂ ನಡುವೆ ರಕ್ತ ಕಂಡರೆ.
● ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ.
● ಕೆಟ್ಟ ವಾಸನೆಯ ಬಿಳಿಸೆರಗು ಹೋದರೆ.
● ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಮತ್ತೆ ರಕ್ತ ಕಂಡರೆ. ಒಂದು ತೊಟ್ಟು ಕಂಡರೂ ಸರಿ.

ಇವು ಸಹಜ ಅಲ್ಲ. ಕ್ಯಾನ್ಸರ್ ಕೂಡ ಇರಬಹುದು. ಬೇಗ ತಿಳಿದರೆ ವಾಸಿ ಮಾಡಬಹುದು. ಆಶಾ ಅಕ್ಕನಿಗೆ, ನರ್ಸಮ್ಮನಿಗೆ ಹೇಳಿ. 30 ದಾಟಿದ ಹೆಂಗಸರಿಗೆ ಗರ್ಭಕೋಶದ ಕೊರಳಿನ ಪರೀಕ್ಷೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮಾಡುತ್ತಾರೆ. ಹೆದರಬೇಕಾದ ಪರೀಕ್ಷೆ ಅಲ್ಲ. ಸ್ವಲ್ಪ ಹೊತ್ತಿನ ಕೆಲಸ.

ಗರ್ಭಕೋಶ ತೆಗೆಸಿಬಿಡಬೇಕೇ?

"ಮಕ್ಕಳು ಸಾಕಾಯ್ತಲ್ಲ, ಇನ್ನು ಗರ್ಭಕೋಶ ಯಾಕೆ? ತೆಗೆಸಿಬಿಡು." ಈ ಮಾತನ್ನು ನಾವೆಲ್ಲಾ ಕೇಳಿದ್ದೇವೆ. ಮುಟ್ಟು ಏರುಪೇರಾದರೆ, ಬಿಳಿಸೆರಗು ಹೋದರೆ, ಅಷ್ಟಕ್ಕೇ ಆಪರೇಷನ್ ಮಾಡಿಸಿಕೊಂಡವರು ಎಷ್ಟೋ ಜನ. ಸಾಲ ಮಾಡಿದರು. ಓಲೆ, ಸರ ಒತ್ತೆ ಇಟ್ಟರು.

2015ರಲ್ಲಿ ಕಲಬುರಗಿ ಜಿಲ್ಲೆಯ ಸುದ್ದಿ ಹೊರಗೆ ಬಂತು. ಅಲ್ಲಿ ತಾಂಡಾಗಳ ಬಡ ಹೆಂಗಸರಿಗೆ ಅಗತ್ಯ ಇಲ್ಲದೆ ಗರ್ಭಕೋಶ ತೆಗೆದಿದ್ದಾರೆ ಎಂಬ ದೂರು. ಬೇರೆ ರಾಜ್ಯಗಳಲ್ಲೂ ಇಂಥದೇ ಕತೆ. ಇದನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿತು. ಎಲ್ಲಾ ರಾಜ್ಯಗಳೂ ಅದನ್ನು ಪಾಲಿಸಬೇಕು ಅಂತ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು.

ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ ಮುಟ್ಟು ನಿಲ್ಲುವ ಕಷ್ಟವೆಲ್ಲಾ ಒಂದೇ ಸಲಕ್ಕೆ ಬರುತ್ತದೆ. ಚಿಕ್ಕ ವಯಸ್ಸಿಗೇ ಮೂಳೆ ಸವೆಯುತ್ತದೆ. ಅಂಡಾಶಯ ಬಿಟ್ಟರೂ ಅದು ಬೇಗ ದಣಿಯಬಹುದು. ಕೂಲಿ ಮಾಡಿ ತಿನ್ನುವ ನಮಗೆ ಮೂಳೆ ಸವೆದರೆ ಗತಿ ಏನು?

ಕೆಲವರಿಗೆ ಆಪರೇಷನ್ ನಿಜವಾಗಿ ಬೇಕು. ಕ್ಯಾನ್ಸರ್ ಇದ್ದರೆ ಬೇಕಾಗಬಹುದು. ದೊಡ್ಡ ಗಡ್ಡೆ ಇದ್ದು, ಔಷಧಿಗೆ ರಕ್ತ ನಿಲ್ಲದಿದ್ದರೆ ಬೇಕಾಗಬಹುದು. ಅಂಥವರು ಬೇಡ ಅನ್ನಬಾರದು. ಉಳಿದವರು ಮೊದಲು ಕೇಳಬೇಕು:

"ಡಾಕ್ಟರೇ, ನನಗೆ ಏನಾಗಿದೆ? ಚೀಟಿಯಲ್ಲಿ ಬರೆದುಕೊಡಿ."
"ಮಾತ್ರೆಯಲ್ಲಿ ವಾಸಿಯಾಗುವುದಿಲ್ಲವೇ?"
"ಅಂಡಾಶಯವನ್ನೂ ತೆಗೆಯುತ್ತೀರಾ? ಯಾಕೆ?"

ತಾಲ್ಲೂಕು ಆಸ್ಪತ್ರೆಯಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ ಇನ್ನೊಬ್ಬ ಡಾಕ್ಟರನ್ನೂ ಕೇಳೋಣ. ಆಪರೇಷನ್‌ಗೆ ಮುಂಚೆ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಹೆಬ್ಬೆಟ್ಟು ಒತ್ತುವ ಕಾಲ ನಮಗೆ ಮುಗಿಯಿತು. ಓದಿ ಸಹಿ ಹಾಕೋಣ. ಇಂಗ್ಲಿಷಿನಲ್ಲಿ ಇದ್ದರೆ "ಕನ್ನಡದಲ್ಲಿ ಓದಿ ಹೇಳಿ" ಅನ್ನೋಣ. ಕೇಳುವುದು ನಮ್ಮ ಹಕ್ಕು.

ಮೈಯನ್ನು ನೋಡಿಕೊಳ್ಳೋಣ

ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಅದಕ್ಕೆ ಸುಣ್ಣದಂಶ ಬೇಕು. ನಮ್ಮ ರಾಗಿಯಲ್ಲಿ ಅದು ಬೇಕಾದಷ್ಟಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು. ರಾಗಿ ಮುದ್ದೆ, ಎಳ್ಳು, ಮಜ್ಜಿಗೆ, ಸೊಪ್ಪು ತಿನ್ನೋಣ. ಎಲ್ಲರಿಗೂ ಬಡಿಸಿ ಉಳಿದದ್ದು ನಮಗೆ ಅನ್ನೋದು ಬೇಡ. ಬಿಸಿಲಿನಲ್ಲಿ ಸ್ವಲ್ಪ ನಡೆಯೋಣ. ಹೊಗೆಸೊಪ್ಪು ಬಿಡೋಣ.

ಮೈ ಬಿಸಿಯಾಗುವವರು ಹತ್ತಿ ಬಟ್ಟೆ ಉಡಿ. ತಣ್ಣೀರು ಹತ್ತಿರ ಇಟ್ಟುಕೊಳ್ಳಿ. ಕಾಫಿ, ಟೀ, ಖಾರದಿಂದ ಝಳ ಹೆಚ್ಚಾದರೆ ಕಡಿಮೆ ಮಾಡಿ. ಬಹಳ ತೊಂದರೆ ಆದರೆ ಅದಕ್ಕೆ ಔಷಧಿ ಇದೆ. ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಕೇಳಿ ನುಂಗಬಾರದು.

ಮನಸ್ಸು ಕುಗ್ಗಿದ್ದರೆ ಒಬ್ಬರೇ ಅಳುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್. ದುಡ್ಡು ಇಲ್ಲ. ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೂ ಹೇಳೋಣ. "ನನಗೆ ಬೇಕಂತ ಸಿಟ್ಟು ಬರ್ತಿಲ್ಲ. ರಾತ್ರಿ ನಿದ್ದೆ ಇಲ್ಲ" ಅಂದರೆ ಗಂಡನಿಗೂ ಅರ್ಥವಾಗುತ್ತದೆ, ಸೊಸೆಗೂ ಅರ್ಥವಾಗುತ್ತದೆ.

ಮಾತಾಡೋಣ

1. ಎಷ್ಟು ತಿಂಗಳು ಮುಟ್ಟು ಬರದಿದ್ದರೆ ನಿಂತಿತು ಅಂತ ಲೆಕ್ಕ?
2. ಮುಟ್ಟು ನಿಂತ ಎರಡು ವರ್ಷದ ಮೇಲೆ ರಕ್ತ ಕಂಡರೆ ಏನು ಮಾಡಬೇಕು?
3. ನಮ್ಮೂರಿನಲ್ಲಿ ಗರ್ಭಕೋಶ ತೆಗೆಸಿದವರು ಎಷ್ಟು ಜನ? ಯಾಕೆ ತೆಗೆಸಿದರು? ಅವರು ಹೇಳಲು ಒಪ್ಪಿದರೆ ಮಾತ್ರ ಕೇಳಿ.

ಬರೆಯೋಣ

ಕ್ಯಾಲೆಂಡರ್, ಗರ್ಭಕೋಶ, ಅಂಡಾಶಯ, ಪರೀಕ್ಷೆ, ಒಪ್ಪಿಗೆ ಪತ್ರ.

ಈ ಮಾತುಗಳನ್ನು ಎರಡೆರಡು ಸಲ ಬರೆಯಿರಿ. ಆಮೇಲೆ ನಿಮ್ಮ ಹಿಂದಿನ ಮುಟ್ಟಿನ ತಾರೀಕನ್ನು ಕ್ಯಾಲೆಂಡರಿನಲ್ಲಿ ಹುಡುಕಿ, ಸುತ್ತು ಹಾಕಿ.