ಫಾದರ್‌ಗಳ ಯೂನಿವರ್ಸಿಟಿ, ಡಾಲರಿನ ಫೀಸು



ಕಳೆದ ಮಳೆಗಾಲದಲ್ಲಿ ನಮ್ಮ ಒಂದು ಸಂಘದ ಸಭೆಗೆ ಹೋಗಿದ್ದೆವು. ಪ್ರಾರ್ಥನೆ, ಹಾಜರಿ, ಉಳಿತಾಯ ಜಮೆ ಎಲ್ಲಾ ಆಯಿತು. ಸಾಲದ ಬೇಡಿಕೆ ಓದುವಾಗ ಒಬ್ಬ ಸದಸ್ಯೆ 60,000 ರೂಪಾಯಿ ಕೇಳಿದರು. ಉದ್ದೇಶ: ಮಗಳ ಓದು.

"ಯಾವ ಕಾಲೇಜು ಅಕ್ಕ?" ಎಂದು ಪ್ರತಿನಿಧಿ ಕೇಳಿದರು.

"ಅಮೆರಿಕದಲ್ಲಿ. ಫಾದರ್‌ಗಳು ನಡೆಸೋ ಯೂನಿವರ್ಸಿಟಿ. ಎರಡು ವರ್ಷದ್ದು, ಕಂಪ್ಯೂಟರ್ ಎಂ.ಎಸ್. ಸೀಟು ಸಿಕ್ಕಿದೆ, ಐದೂವರೆ ಲಕ್ಷ ಸ್ಕಾಲರ್‌ಶಿಪ್ಪೂ ಕೊಟ್ಟಿದ್ದಾರೆ. ಏಜೆಂಟಿಗೆ ಕಟ್ಟೋಕೆ ಇಷ್ಟು ಬೇಕು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು "ಹೆಣ್ಣು ಹುಡುಗೀನ ಅಷ್ಟು ದೂರ ಕಳಿಸ್ತೀಯಾ?" ಎಂದರು. ಇನ್ನೊಬ್ಬರು "ಫಾದರ್‌ಗಳದ್ದು ಅಂದ್ರೆ ಫೀಸು ಕಮ್ಮಿ ಇರತ್ತೆ ಬಿಡಿ, ನಮ್ಮೂರ ಹಾಸ್ಟೆಲ್ ತರ" ಎಂದರು. ಎರಡು ಮಾತೂ ನಮಗೆ ಸರಿ ಕಾಣಲಿಲ್ಲ. ಆದರೆ ಉತ್ತರ ಕೊಡಲು ಲೆಕ್ಕ ನಮ್ಮ ಕೈಯಲ್ಲೂ ಇರಲಿಲ್ಲ. ನಿರ್ಣಯ ಬರೆಯಬೇಡಿ, ಎರಡು ವಾರ ಸಮಯ ಕೊಡಿ ಎಂದು ಕೇಳಿಕೊಂಡು ಬಂದೆವು. ಆ ಎರಡು ವಾರದಲ್ಲಿ ನಾವು ಓದಿ, ಕೇಳಿ ತಿಳಿದುಕೊಂಡದ್ದೇ ಈ ತಿಂಗಳ ಪಾಠ. ಈಗ ಹಳ್ಳಿಗಳಿಂದಲೂ ಮಕ್ಕಳು ಹೊರದೇಶಕ್ಕೆ ಓದಲು ಹೊರಟಿದ್ದಾರೆ. ನಾಳೆ ಈ ಬೇಡಿಕೆ ನಿಮ್ಮ ಸಂಘಕ್ಕೂ ಬರಬಹುದು.

ಮೊದಲು ಓದಲು ಹೋದವರು ಅವರೇ

ಯೇಸುಸಭೆಯ ಗುರುಗಳನ್ನು ಜೆಸ್ವಿಟ್ ಫಾದರ್‌ಗಳು ಎನ್ನುತ್ತಾರೆ. ಈ ಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರೇ ಹೊರದೇಶದಲ್ಲಿ ಓದಿದ ಬಡ ವಿದ್ಯಾರ್ಥಿ. ಮೊದಲು ಸೈನಿಕರಾಗಿದ್ದವರು. 33 ವರ್ಷ ದಾಟಿದ ಮೇಲೆ, 1524ರಲ್ಲಿ, ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ಜೊತೆ ಕುಳಿತು ಲ್ಯಾಟಿನ್ ಕಲಿಯಲು ಆರಂಭಿಸಿದರು. (ನಲವತ್ತಕ್ಕೆ ನಮಗೆ ಇನ್ನೇನು ಓದು ಸಿಸ್ಟರ್ ಎನ್ನುವವರಿಗೆ ಇದನ್ನು ಹೇಳುತ್ತಿರುತ್ತೇವೆ.) 1528ರಲ್ಲಿ ಸ್ಪೇನಿನಿಂದ ಪ್ಯಾರಿಸ್ಸಿಗೆ ನಡೆದುಕೊಂಡು ಹೋಗಿ ಅಲ್ಲಿನ ವಿಶ್ವವಿದ್ಯಾಲಯ ಸೇರಿದರು.

ಹೋದ ಹೊಸದರಲ್ಲೇ ಅವರಿಗೆ ಹಣದ ಮೋಸವಾಯಿತು. ಊರಿನವರು ಕೊಟ್ಟಿದ್ದ ಹಣವನ್ನು ಜೋಪಾನವಾಗಿ ಇಟ್ಟುಕೊಳ್ಳಲು ಅದೇ ವಸತಿಯಲ್ಲಿದ್ದ ಒಬ್ಬ ಸ್ಪೇನಿನವನ ಕೈಗೆ ಕೊಟ್ಟರು. ನಮ್ಮ ಕಡೆಯವನು ಎಂಬ ನಂಬಿಕೆ. ಅವನು ಎಲ್ಲವನ್ನೂ ಖರ್ಚು ಮಾಡಿಬಿಟ್ಟ. ಇಗ್ನೇಷಿಯಸ್ ವಸತಿ ಬಿಟ್ಟು ಬಡವರ ಧರ್ಮಛತ್ರ ಸೇರಿ ಭಿಕ್ಷೆ ಬೇಡಬೇಕಾಯಿತು. ಛತ್ರ ಕಾಲೇಜಿನಿಂದ ದೂರ. ಭಿಕ್ಷೆಗೆ ಹೋದರೆ ಪಾಠ ತಪ್ಪುತ್ತಿತ್ತು, ಪಾಠಕ್ಕೆ ಹೋದರೆ ಊಟ ತಪ್ಪುತ್ತಿತ್ತು. ಕೊನೆಗೆ ಒಬ್ಬ ಸನ್ಯಾಸಿಯ ಸಲಹೆಯಂತೆ ವರ್ಷಕ್ಕೊಮ್ಮೆ ಫ್ಲಾಂಡರ್ಸ್ ಪ್ರಾಂತ್ಯದ ಸ್ಪ್ಯಾನಿಷ್ ವ್ಯಾಪಾರಿಗಳ ಬಳಿ ಹೋಗಿ ಇಡೀ ವರ್ಷಕ್ಕೆ ಬೇಕಾದಷ್ಟು ಕೇಳಿ ತರುತ್ತಿದ್ದರು. ಒಮ್ಮೆ ಲಂಡನ್ನಿಗೂ ಹೋಗಿದ್ದರು. ವರ್ಷದ ಖರ್ಚು ಮೊದಲೇ ಹೊಂದಿಸಿಕೊಂಡರೆ ಮಾತ್ರ ಓದು ಸಾಗುತ್ತದೆ ಎಂದು ಅವರು ಕಷ್ಟಪಟ್ಟು ಕಲಿತರು. ಅಲ್ಲಿ ಅವರ ಕೋಣೆಯಲ್ಲಿದ್ದವರೇ ಸಂತ ಫ್ರಾನ್ಸಿಸ್ ಕ್ಸೇವಿಯರ್. ಮುಂದೆ 1542ರಲ್ಲಿ ಗೋವಾಕ್ಕೆ ಬಂದವರು.

1551ರಲ್ಲಿ ರೋಮಿನಲ್ಲಿ ಈ ಗುರುಗಳು ತೆರೆದ ಶಾಲೆಯ ಬಾಗಿಲ ಮೇಲೆ ಶಿಕ್ಷಣ ಉಚಿತ ಎಂದೇ ಬರೆಸಿದ್ದರು. ನಮ್ಮ ಸದಸ್ಯೆ ಅಂದುಕೊಂಡದ್ದಕ್ಕೆ ಆಧಾರ ಇಲ್ಲದಿಲ್ಲ. ಆದರೆ ಅದು ಆ ಕಾಲದ ಮಾತು. ಅಮೆರಿಕದಲ್ಲಿ ಈಗ ಯೇಸುಸಭೆಯ 27 ಕಾಲೇಜು, ವಿಶ್ವವಿದ್ಯಾಲಯಗಳಿವೆ. ಮೊದಲನೆಯದು 1789ರ ಜಾರ್ಜ್‌ಟೌನ್. ಸೇಂಟ್ ಲೂಯಿಸ್, ಫೋರ್ಡಮ್, ಬೋಸ್ಟನ್ ಕಾಲೇಜ್, ಮಾರ್ಕೆಟ್, ಚಿಕಾಗೋದ ಲೊಯೋಲಾ ಎಲ್ಲಾ ಅವೇ. ಇವು ಖಾಸಗಿ ಸಂಸ್ಥೆಗಳು, ಹೆಚ್ಚಾಗಿ ವಿದ್ಯಾರ್ಥಿಗಳ ಫೀಸಿನಿಂದ ನಡೆಯುವಂಥವು. ಬೋಸ್ಟನ್ ಕಾಲೇಜಿನಂಥ ಕಡೆ ಪದವಿ ತರಗತಿಯ ಬೋಧನಾ ಶುಲ್ಕವೇ ವರ್ಷಕ್ಕೆ 65,000 ಡಾಲರಿಗಿಂತ ಹೆಚ್ಚು. ಅಮೆರಿಕ ಸರ್ಕಾರ ತನ್ನ ಬಡ ಮಕ್ಕಳಿಗೆ ಕೊಡುವ ಅನುದಾನ, ಸಾಲ ನಮ್ಮ ಮಕ್ಕಳಿಗೆ ಸಿಗುವುದಿಲ್ಲ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದು ಬೇಡ. 1838ರಲ್ಲಿ ಜಾರ್ಜ್‌ಟೌನ್ ಸಾಲದಲ್ಲಿದ್ದಾಗ ಆ ಭಾಗದ ಜೆಸ್ವಿಟರು ತಮ್ಮ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದ 272 ಜನರನ್ನು, ಮಕ್ಕಳು ಮರಿ ಸಮೇತ, ಮಾರಿದರು. ಆ ಹಣದ ಒಂದು ಪಾಲು ಕಾಲೇಜಿನ ಸಾಲಕ್ಕೆ ಹೋಯಿತು. 2017ರಲ್ಲಿ ಅವರ ಸಂತತಿಯವರ ಮುಂದೆ ಕ್ಷಮೆ ಕೇಳಿದರು. ಪವಿತ್ರ ಹೆಸರಿದ್ದರೂ ಲೆಕ್ಕ ಕೇಳಬೇಕು, ಅದಕ್ಕೆ ಇದನ್ನು ಹೇಳಿದೆವು.

ಪತ್ರದಲ್ಲಿ ಏನಿತ್ತು?

ಎರಡು ವಾರದ ನಂತರ ಆ ತಾಯಿ ಮಗಳನ್ನೂ ಕರೆದುಕೊಂಡು, ಯೂನಿವರ್ಸಿಟಿಯ ಪತ್ರ ತಂದರು. ಅಂಗನವಾಡಿಯ ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದೆವು. ಅಲ್ಲಿ ವರ್ಷಕ್ಕೆ ಇಷ್ಟು ಎಂದಲ್ಲ, 'ಕ್ರೆಡಿಟ್' ಲೆಕ್ಕದಲ್ಲಿ ಫೀಸು. ಒಂದು ಕ್ರೆಡಿಟ್‌ಗೆ 1,200 ಡಾಲರ್, 30 ಕ್ರೆಡಿಟ್ ಮುಗಿಸಬೇಕು, ಅಂದರೆ 36,000. ಸ್ಕಾಲರ್‌ಶಿಪ್ 6,000 ಕಳೆದರೆ 30,000. ಬಾಡಿಗೆ, ಊಟ, ಬಸ್ಸು ತಿಂಗಳಿಗೆ 1,500ರಂತೆ 20 ತಿಂಗಳಿಗೆ ಮತ್ತೆ 30,000. ಆರೋಗ್ಯ ವಿಮೆ ಕಡ್ಡಾಯ. ಅದು, ಪುಸ್ತಕ, ವಿಮಾನದ ಟಿಕೆಟ್ ಸೇರಿ 8,000. ಒಟ್ಟು 68,000 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ 61 ಲಕ್ಷದ 20 ಸಾವಿರ.

ಬರೆಯುತ್ತಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಸ್ಕಾಲರ್‌ಶಿಪ್ ಐದೂವರೆ ಲಕ್ಷ ಎಂದದ್ದು ಸುಳ್ಳಲ್ಲ. ಉಳಿದದ್ದನ್ನು ಯಾರೂ ಹೇಳಿರಲಿಲ್ಲ, ಅಷ್ಟೇ.

ಬ್ಯಾಂಕಿನ ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ಅವರ ಹತ್ತಿರ ಇದ್ದದ್ದು ಮನೆ ಮತ್ತು ಒಂದೂವರೆ ಎಕರೆ. ಅದರ ಮೇಲೆ 40 ಲಕ್ಷ ಸಾಲ ಸಿಗುತ್ತದೆ ಎಂದು ಏಜೆಂಟ್ ಹೇಳಿದ್ದನಂತೆ. ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ವರ್ಷಕ್ಕೆ ನೂರಕ್ಕೆ ಹತ್ತೂವರೆ ಬಡ್ಡಿ ಎಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಗಿಂತ ಕಡಿಮೆ; ನಮ್ಮ ಸಂಘದ ಬಡ್ಡಿಗಿಂತ ಸುಲಭ ಅನ್ನಿಸುತ್ತದೆ. ಆದರೆ 40 ಲಕ್ಷಕ್ಕೆ ತಿಂಗಳ ಬಡ್ಡಿಯೇ 35,000 ರೂಪಾಯಿ. ಓದುವಾಗ ಮತ್ತು ಮುಗಿದ ಮೇಲೆ ಆರು ತಿಂಗಳೋ ವರ್ಷವೋ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಆಮೇಲೆ ಹತ್ತು ವರ್ಷ ತಿಂಗಳಿಗೆ ಸುಮಾರು 54,000 ಕಂತು, ಬೆಳೆದ ಬಡ್ಡಿ ಬಿಟ್ಟು. ಇನ್ನುಳಿದ 21 ಲಕ್ಷ ಎಲ್ಲಿಂದ? ಇದಕ್ಕೆ ಉತ್ತರವೇ ಇರಲಿಲ್ಲ. 2010ರಲ್ಲಿ ಡಾಲರಿಗೆ 45 ರೂಪಾಯಿಯ ಆಸುಪಾಸು ಇತ್ತು, ಈಗ ಅದರ ಎರಡರಷ್ಟು. ಎರಡು ವರ್ಷದ ಓದಿನ ನಡುವೆಯೇ ಫೀಸು ರೂಪಾಯಿಯಲ್ಲಿ ಏರಬಹುದು.

"ಅಲ್ಲೇ ಪಾರ್ಟ್ ಟೈಮ್ ಕೆಲಸ ಮಾಡಿ ಕಟ್ಟಬಹುದಂತೆ" ಎಂದಳು ಮಗಳು. ವಿದ್ಯಾರ್ಥಿ ವೀಸಾದಲ್ಲಿ (ಎಫ್-1 ಎನ್ನುತ್ತಾರೆ) ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ಮಾತ್ರ, ವಾರಕ್ಕೆ 20 ಗಂಟೆ ದುಡಿಯಬಹುದು. ಊಟದ ಖರ್ಚಿಗೆ ಆದೀತು, ಫೀಸಿಗೆ ಆಗುವುದಿಲ್ಲ. ಹೊರಗೆ ಅಂಗಡಿ, ಹೋಟೆಲುಗಳಲ್ಲಿ ಕದ್ದು ದುಡಿದರೆ ವೀಸಾಕ್ಕೇ ಕುತ್ತು. ಓದು ಮುಗಿದ ಮೇಲೆ 12 ತಿಂಗಳು, ವಿಜ್ಞಾನ ತಾಂತ್ರಿಕ ವಿಷಯಗಳಿಗೆ ಮತ್ತೆ 24 ತಿಂಗಳು ಕೆಲಸ ಮಾಡಲು ಅವಕಾಶ ಕೊಡುತ್ತಾರೆ. ಆದರೆ ಮೊದಲ ವರ್ಷದಲ್ಲಿ ಕೆಲಸವಿಲ್ಲದ ದಿನಗಳು 90 ದಾಟುವಂತಿಲ್ಲ. ಈ ನಿಯಮಗಳು ಬದಲಾಗುತ್ತಲೂ ಇರುತ್ತವೆ. 2025ರಲ್ಲಿ ಕೆಲವು ವಾರ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನೇ ನಿಲ್ಲಿಸಿದ್ದರು. ಆದ್ದರಿಂದ ಹೋದ ವರ್ಷ ಪಕ್ಕದೂರಿನ ಹುಡುಗ ಹೇಳಿದ್ದನ್ನು ಈ ವರ್ಷಕ್ಕೆ ನಂಬಬಾರದು.

ಏಜೆಂಟಿನ 60,000

ಇದು ನಮಗೆ ಬಹಳ ಬೇಸರ ತಂದ ಭಾಗ. ಅರ್ಜಿಯನ್ನು ಮಗು ತಾನೇ ನೇರವಾಗಿ ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿ ಹಾಕಬಹುದು. ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಅಂಕ, ಅಧ್ಯಾಪಕರ ಎರಡು ಮೂರು ಶಿಫಾರಸು ಪತ್ರ, ಯಾಕೆ ಓದಬೇಕು ಎಂದು ಸ್ವಂತ ಮಾತಿನಲ್ಲಿ ಬರೆದ ಪತ್ರ, ಇಷ್ಟು ಸಾಕು. ಅಮೆರಿಕ ಸರ್ಕಾರದ 'ಎಜುಕೇಶನ್ ಯು.ಎಸ್.ಎ.' ಎಂಬ ಸಲಹಾ ಕೇಂದ್ರಗಳು ನಮ್ಮ ದೊಡ್ಡ ನಗರಗಳಲ್ಲಿವೆ, ಅಲ್ಲಿ ಮಾಹಿತಿ ಸರಿಯಾಗಿ ಸಿಗುತ್ತದೆ. ಅನೇಕ ಏಜೆಂಟರಿಗೆ ಆ ಕಡೆಯಿಂದಲೂ ಕಮಿಷನ್ ಬರುತ್ತದೆ, ಈ ಕಡೆಯಿಂದಲೂ ಕೀಳುತ್ತಾರೆ. ನೇರವಾಗಿ ಕೇಳಿ: ನಿಮಗೆ ಯೂನಿವರ್ಸಿಟಿ ಎಷ್ಟು ಕೊಡುತ್ತದೆ?

ಮೊದಲ ವರ್ಷದ ಖರ್ಚಿಗೆ ಹಣವಿದೆ ಎಂದು ದಾಖಲೆ ತೋರಿಸಿದ ಮೇಲೆಯೇ ಯೂನಿವರ್ಸಿಟಿ 'ಐ-20' ಎಂಬ ಪತ್ರ ಕೊಡುತ್ತದೆ, ಅದಿಲ್ಲದೆ ವೀಸಾ ಇಲ್ಲ. "ಒಂದು ತಿಂಗಳು ನಿಮ್ಮ ಖಾತೆಗೆ ದುಡ್ಡು ಹಾಕಿ ತೋರಿಸಿಕೊಡ್ತೀವಿ" ಎನ್ನುವವರಿದ್ದಾರೆ. ಅದು ಸುಳ್ಳು ದಾಖಲೆ, ಸಿಕ್ಕಿಬಿದ್ದರೆ ಹೊಣೆ ಹುಡುಗಿಯದ್ದು. ವಿದ್ಯಾರ್ಥಿ ನೋಂದಣಿಗೆ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್ ಕಟ್ಟಬೇಕು. ವೀಸಾ ನಿರಾಕರಿಸಿದರೆ ಈ ಹಣ ವಾಪಸ್ ಇಲ್ಲ.

ಹಾಗಾದರೆ ಹೋಗುವುದೇ ಬೇಡವೇ?

ಹಾಗೆಂದು ನಾವು ಹೇಳಿಲ್ಲ. ನಮಗೆ ಪರಿಚಯದ ಒಬ್ಬ ಸಿಸ್ಟರ್ ಚಿಕಾಗೋದ ಲೊಯೋಲಾದಲ್ಲಿ ಸಮಾಜಕಾರ್ಯ ಓದಿ ಬಂದಿದ್ದಾರೆ. ಆ ವಿಭಾಗ 1914ರಿಂದ ಇದೆ. ಮೊದಲ ಚಳಿಗಾಲಕ್ಕೆ ಹಳೇ ಬಟ್ಟೆ ಅಂಗಡಿಯಲ್ಲಿ ಕೋಟು ಕೊಂಡದ್ದು, ಸರೋವರದ ಕಡೆಯ ಗಾಳಿಗೆ ಕಿವಿ ಮರಗಟ್ಟಿದ್ದು ಹೇಳಿ ನಗಿಸುತ್ತಾರೆ. ಆದರೆ ಅವರು ಹೆಚ್ಚು ನೆನೆಯುವುದು ತರಗತಿಯನ್ನು. ಇಲ್ಲಿ ನೋಟ್ಸ್ ಬಾಯಿಪಾಠ ಮಾಡಿ ರ‍್ಯಾಂಕ್ ಬಂದಿದ್ದವರಿಗೆ ಅಲ್ಲಿ ಪ್ರೊಫೆಸರ್ "ನಿನ್ನ ಅಭಿಪ್ರಾಯ ಏನು?" ಎಂದಾಗ ಬಾಯಿ ಬರಲಿಲ್ಲವಂತೆ. ಪುಸ್ತಕದ ಸಾಲನ್ನು ಹೆಸರು ಹೇಳದೆ ಬರೆದರೆ ಅಲ್ಲಿ ಅದು ಕಳ್ಳತನ, ಕಾಲೇಜಿನಿಂದ ಹೊರಗೂ ಹಾಕಬಹುದು. ಓದಿನ ಜೊತೆ ಮನಸ್ಸು, ಆರೋಗ್ಯ, ದೇವರ ನಂಬಿಕೆ ಎಲ್ಲವನ್ನೂ ವಿಚಾರಿಸುವುದು ಜೆಸ್ವಿಟ್ ಪದ್ಧತಿ. ಹೊರದೇಶದ ಮಕ್ಕಳಿಗೆಂದೇ ಒಂದು ಕಚೇರಿ ಇರುತ್ತದೆ. ಊಟ ಸೇರದಿದ್ದರೂ, ವೀಸಾ ಕಾಗದ ಕಳೆದರೂ ಅಲ್ಲಿಗೆ ಹೋಗಬಹುದು.

ನಮ್ಮ ಹಿಂದೂ, ಮುಸ್ಲಿಂ ಸದಸ್ಯೆಯರು ಮೆಲ್ಲಗೆ ಕೇಳುವ ಪ್ರಶ್ನೆಯೂ ಇದೆ. ಸೇರಲು ಕ್ರೈಸ್ತರೇ ಆಗಬೇಕಿಲ್ಲ, ಮತ ಬದಲಿಸಲು ಯಾರೂ ಕೇಳುವುದಿಲ್ಲ. ಪದವಿ ತರಗತಿಯಲ್ಲಿ ತತ್ವಶಾಸ್ತ್ರ, ಧರ್ಮಶಾಸ್ತ್ರದ ಒಂದೆರಡು ವಿಷಯ ಓದಬೇಕಾಗಬಹುದು, ಅದು ಪಾಠ ಮಾತ್ರ. ಜಾರ್ಜ್‌ಟೌನಿನಲ್ಲಿ 1999ರಿಂದ ಮುಸ್ಲಿಂ ಧರ್ಮಗುರು, 2016ರಿಂದ ಹಿಂದೂ ಧರ್ಮಗುರು ವಿದ್ಯಾರ್ಥಿಗಳಿಗಾಗಿ ಇದ್ದಾರೆ.

ಹೆಣ್ಣುಮಗಳನ್ನು ಅಷ್ಟು ದೂರವೇ ಎಂದವರಿಗೆ ನಮ್ಮದೊಂದು ಮರುಪ್ರಶ್ನೆ: ಗಂಡುಮಗನಿಗೆ ಇದೇ ಪತ್ರ ಬಂದಿದ್ದರೆ ದೂರದ ಮಾತು ಬರುತ್ತಿತ್ತೇ? ತಡೆಯುವುದಾದರೆ ಲೆಕ್ಕ ನೋಡಿ ತಡೆಯಿರಿ, ಹುಡುಗಿ ಎಂದು ಬೇಡ.

ಲೆಕ್ಕ ಸರಿಹೋಗುವ ದಾರಿಗಳೂ ಇವೆ. ಸ್ನಾತಕೋತ್ತರ ಓದಿಗೆ 'ಅಸಿಸ್ಟೆಂಟ್‌ಶಿಪ್' ಎಂದು ಕೊಡುವ ಕಡೆ, ಪ್ರೊಫೆಸರಿಗೆ ಬೋಧನೆಯಲ್ಲೋ ಸಂಶೋಧನೆಯಲ್ಲೋ ಸಹಾಯ ಮಾಡಿದರೆ ಫೀಸಿನಲ್ಲಿ ವಿನಾಯಿತಿ, ಮೇಲೆ ತಿಂಗಳ ಭತ್ಯೆ ಸಿಗುತ್ತದೆ. ಸೀಟುಗಳು ಕಡಿಮೆ, ಬೇಗ ಅರ್ಜಿ ಹಾಕಬೇಕು, ಕೇಳಿದವರಿಗೇ ಸಿಗುವುದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಯವರಿಗೆ ಮಾತ್ರವಲ್ಲ, ಭೂಹೀನ ಕೃಷಿ ಕೂಲಿಕಾರರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಇದೆ. ಇದು ನಮ್ಮ ಎಷ್ಟೋ ಸದಸ್ಯೆಯರಿಗೆ ಗೊತ್ತೇ ಇಲ್ಲ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು, ಸೇರುವ ಯೂನಿವರ್ಸಿಟಿ ಅವರು ಒಪ್ಪುವ ಜಾಗತಿಕ ಪಟ್ಟಿಯಲ್ಲಿರಬೇಕು. ಜೆಸ್ವಿಟ್ ಸಂಸ್ಥೆಗಳೆಲ್ಲ ಆ ಪಟ್ಟಿಯಲ್ಲಿಲ್ಲ, ಮೊದಲೇ ನೋಡಿಕೊಳ್ಳಿ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗದ ಸಾಲದ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಜೆಸ್ವಿಟ್ ಗುರುಗಳ ಬಳಿಯೇ ಓದಬೇಕೆಂದರೆ ನಮ್ಮ ರಾಜ್ಯದಲ್ಲೂ ಇದ್ದಾರೆ. ಮಂಗಳೂರಿನ ಸಂತ ಅಲೋಶಿಯಸ್ 1880ರದು, 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ 1882ರದು, 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿನ ಫೀಸು ರೂಪಾಯಿಯಲ್ಲೇ.

ಆ ಸಂಘದಲ್ಲಿ ಏನಾಯಿತು ಎಂದರೆ, ಏಜೆಂಟಿಗೆ ಸಾಲ ಕೊಡಲಿಲ್ಲ. ಹುಡುಗಿ ತಾನೇ ಯೂನಿವರ್ಸಿಟಿಗೆ ಮೇಲ್ ಬರೆದಳು: ನನ್ನ ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಲು ಸಾಧ್ಯವೇ, ಅಸಿಸ್ಟೆಂಟ್‌ಶಿಪ್‌ಗೆ ಯಾವಾಗ ಅರ್ಜಿ ಹಾಕಬೇಕು. ನಾಲ್ಕನೇ ದಿನ ಉತ್ತರ ಬಂತು. ಸೀಟು ಒಂದು ವರ್ಷ ಕಾಯುತ್ತದೆ, ಅರ್ಜಿಯನ್ನು ವಿಭಾಗಕ್ಕೆ ಕಳಿಸಿ ಎಂದು. ಈಗ ಅವಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಸಂಬಳದಲ್ಲಿ ಸ್ವಲ್ಪ ಉಳಿಸುತ್ತಿದ್ದಾಳೆ. ವಿಭಾಗದ ಉತ್ತರ ಇನ್ನೂ ಬಂದಿಲ್ಲ. ಮನೆಯ ಪತ್ರ ಬ್ಯಾಂಕಿಗೆ ಹೋಗಿಲ್ಲ, ತಾಯಿಯ ಟ್ರಂಕಿನಲ್ಲೇ ಇದೆ.

ಸಂಘದಲ್ಲಿ ಮಾಡಿ ನೋಡಿ: ಓದುತ್ತಿರುವ ಮಕ್ಕಳನ್ನು ಒಂದು ಸಭೆಗೆ ಕರೆಯಿರಿ. ಯಾವುದಾದರೂ ಒಂದು ಯೂನಿವರ್ಸಿಟಿಯ ಫೀಸನ್ನು ಅವರಿಂದಲೇ ಮೊಬೈಲಿನಲ್ಲಿ ಹುಡುಕಿಸಿ, ಮೇಲಿನಂತೆ ಹಲಗೆಯ ಮೇಲೆ ಬರೆಯಿರಿ. ಡಾಲರಿಗೆ 90ರ ಬದಲು 100 ಹಿಡಿದರೆ ಎಷ್ಟಾಗುತ್ತದೆ? ಆ ಕಂತು ಕಟ್ಟಲು ತಿಂಗಳಿಗೆ ಎಷ್ಟು ಸಂಬಳ ಬೇಕು? ಉತ್ತರವನ್ನು ನಿರ್ಣಯ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ನಮ್ಮ ಕಾರ್ಯಕರ್ತೆ ಬಂದಾಗ ತೋರಿಸಿ.