ಬಯಲು ರಂಗಮಂದಿರದ ಸ್ಥಳಾಂತರ: ಯಾವ ವೆಚ್ಚ ಯಾರ ಲೆಕ್ಕಕ್ಕೆ?

ಬಸ್ ನಿಲ್ದಾಣ, ತರಕಾರಿ ಮಾರುಕಟ್ಟೆ ಅಥವಾ ನ್ಯಾಯಾಲಯ ಸಂಕೀರ್ಣದ ಸ್ಥಳಾಂತರದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಊರುಗಳಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಮನವಿಪತ್ರಗಳು ಸಲ್ಲುತ್ತವೆ, ಒಂದು ದಿನದ ಬಂದ್ ಕೂಡ ನಡೆಯುತ್ತದೆ. ಆದರೆ ಲೆಕ್ಕ ಹಿಡಿದು ಮಾತನಾಡುವವರು ವಿರಳ. ಈ ದೃಷ್ಟಿಯಿಂದ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಜಧಾನಿ ರಾಲಿಯಲ್ಲಿ ನಡೆದ ಒಂದು ಚರ್ಚೆ ನಮ್ಮ ವ್ಯಾಪಾರಿ ಬಾಂಧವರ ಅಧ್ಯಯನಕ್ಕೆ ಯೋಗ್ಯವಾಗಿದೆ.

ರಾಲಿ ನಗರದ ಮಧ್ಯಭಾಗದಲ್ಲಿ, 2008ರಲ್ಲಿ ಆರಂಭವಾದ ಕನ್ವೆನ್ಷನ್ ಸೆಂಟರ್‌ನ ಎದುರಿಗೆ, 2010ರಲ್ಲಿ ಸುಮಾರು 6,000 ಪ್ರೇಕ್ಷಕರ ಒಂದು ಬಯಲು ರಂಗಮಂದಿರ ತಲೆಯೆತ್ತಿತು. ಬೆಂಗಳೂರಿನಲ್ಲಿಯೂ ಕಚೇರಿ ಹೊಂದಿರುವ ರೆಡ್ ಹ್ಯಾಟ್ ಎಂಬ ಸಾಫ್ಟ್‌ವೇರ್ ಸಂಸ್ಥೆಯ ಹೆಸರನ್ನು ಅದು ಹೊತ್ತಿದೆ. ಆ ನಿವೇಶನವು ಕನ್ವೆನ್ಷನ್ ಸೆಂಟರ್‌ನ ಮುಂದಿನ ವಿಸ್ತರಣೆಗೆ ಬೇಕಾಗಬಹುದೆಂಬ ಅರಿವಿನಿಂದಲೇ ರಂಗಮಂದಿರವನ್ನು ಅಲ್ಪ ವೆಚ್ಚದಲ್ಲಿ ಕಟ್ಟಲಾಗಿತ್ತು. ಆದರೆ ತಾತ್ಕಾಲಿಕವೆಂದು ಕಟ್ಟಿದ್ದು ಜನಪ್ರಿಯವಾಯಿತು. ಸುಮಾರು 38.75 ಕೋಟಿ ಡಾಲರ್ ವೆಚ್ಚದ ವಿಸ್ತರಣೆಯ ಯೋಜನೆ ಸಿದ್ಧವಾದಾಗ ಅದಕ್ಕೆ ಬೇರೆ ಜಾಗ ಹುಡುಕಬೇಕಾಯಿತು. ಒಂದು ಬ್ಲಾಕ್ ದಕ್ಷಿಣಕ್ಕೆ ಸರಿಸುವ ಪ್ರಸ್ತಾಪಕ್ಕೆ ಆರಂಭದಲ್ಲಿ ಸುಮಾರು 4 ಕೋಟಿ ಡಾಲರ್ ಅಂದಾಜಿಸಲಾಯಿತು.

ಈ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ರಾಲಿ ಇರುವ ವೇಕ್ ಕೌಂಟಿಯಲ್ಲಿ ಹೋಟೆಲ್ ಕೊಠಡಿಗಳ ಬಾಡಿಗೆಯ ಮೇಲೆ ಶೇ. 6 ಹಾಗೂ ಸಿದ್ಧ ಆಹಾರದ ಮೇಲೆ ಶೇ. 1 ವಿಶೇಷ ತೆರಿಗೆ ಇದೆ. ಇದು ಸಾಮಾನ್ಯ ನಿಧಿಗೆ ಸೇರುವುದಿಲ್ಲ. ಪ್ರವಾಸೋದ್ಯಮ, ಕ್ರೀಡೆ, ಕಲೆ, ಸಮ್ಮೇಳನಗಳಂತಹ ಉದ್ದೇಶಗಳಿಗಷ್ಟೇ ಶಾಸನಬದ್ಧವಾಗಿ ಮೀಸಲು. ಆದುದರಿಂದ ಈ ಹಣದಲ್ಲಿ ಬಡವರಿಗೆ ಮನೆ ಕಟ್ಟಬಾರದೇಕೆ ಎಂಬ ಪ್ರಶ್ನೆ ಭಾವನಾತ್ಮಕವಾಗಿ ಸರಿಯಾದರೂ ಲೆಕ್ಕಶಾಸ್ತ್ರದ ದೃಷ್ಟಿಯಿಂದ ನಿಲ್ಲುವುದಿಲ್ಲ.

ಈಗ ಒಂದು ಸರಳ ಗಣಿತ. 200 ಡಾಲರ್ ಬಾಡಿಗೆಯ ಕೊಠಡಿಯಲ್ಲಿ ಅತಿಥಿಯೊಬ್ಬ ಒಂದು ರಾತ್ರಿ ತಂಗಿದರೆ ನಿಧಿಗೆ 12 ಡಾಲರ್ ಸಲ್ಲುತ್ತದೆ. ಸಂಗೀತ ಕೇಳಲು ಬಂದ ಸ್ಥಳೀಯನೊಬ್ಬ 30 ಡಾಲರ್‌ನ ಊಟ ಮಾಡಿದರೆ ಸಲ್ಲುವುದು 30 ಸೆಂಟ್. ಅಂದರೆ 40 ಊಟಗಳು ಒಂದು ಕೊಠಡಿಗೆ ಸಮ! ನಿಧಿಯ ಪಾಲಕರಿಗೆ ಸಮ್ಮೇಳನದ ಪ್ರತಿನಿಧಿಯೇ ಪ್ರಿಯನಾಗುವುದು ಸಹಜ. ಆದರೆ ಊಟ ಬಡಿಸುವ ವ್ಯಾಪಾರಿಗೆ ಆ 40 ಊಟಗಳು 1,200 ಡಾಲರ್ ವಹಿವಾಟು. ಕೊಠಡಿಯ 200 ಡಾಲರ್‌ನಲ್ಲಿ ಅವನಿಗೆ ಬಿಡಿಗಾಸೂ ಇಲ್ಲ. ನಿಧಿಯ ಲಾಭವೇ ಬೀದಿಯ ಲಾಭವೆಂದು ಭಾವಿಸುವುದು ಇಂತಹ ಚರ್ಚೆಗಳಲ್ಲಿ ಪದೇ ಪದೇ ಕಾಣುವ ಗೊಂದಲ.

ರಂಗಮಂದಿರವನ್ನು ನಗರದ ಮಧ್ಯದಲ್ಲೇ ಏಕೆ ಉಳಿಸಿಕೊಳ್ಳಬೇಕು? ರಾಲಿಯ ಹೊರವಲಯದ ವಾಲ್‌ನಟ್ ಕ್ರೀಕ್‌ನಲ್ಲಿ 1991ರಿಂದ ಸುಮಾರು 20,000 ಜನರು ಸೇರಬಹುದಾದ ಮತ್ತೊಂದು ಬಯಲು ರಂಗಮಂದಿರವಿದೆ. ಅಂತಹ ಸ್ಥಳಕ್ಕೆ ಪ್ರೇಕ್ಷಕ ಕಾರಿನಲ್ಲಿ ಬರುತ್ತಾನೆ, ಆವರಣದ ಒಳಗೇ ತಿಂದು ಕುಡಿದು ಕಾರಿನಲ್ಲೇ ಮರಳುತ್ತಾನೆ. ನಗರಮಧ್ಯದ ರಂಗಮಂದಿರಕ್ಕೆ ಬಂದವನು ನಾಲ್ಕು ಹೆಜ್ಜೆ ನಡೆಯುತ್ತಾನೆ, ನಾಲ್ಕು ಅಂಗಡಿಗಳನ್ನು ನೋಡುತ್ತಾನೆ. ಆದ್ದರಿಂದ ಒಂದೇ ಬ್ಲಾಕ್ ಸರಿಸುವ ತೀರ್ಮಾನ ವ್ಯಾಪಾರದ ದೃಷ್ಟಿಯಿಂದ ವಿವೇಕದ್ದೇ ಎಂದು ಈ ಲೇಖಕನ ಅಭಿಪ್ರಾಯ. ಹೊಸ ನಿವೇಶನ ಬೇರೆಯಾದ್ದರಿಂದ, ಹಳೆಯದು ನಡೆಯುತ್ತಿರುವಾಗಲೇ ಹೊಸದನ್ನು ಕಟ್ಟಲು ಅವಕಾಶವಿರುವುದು ಇನ್ನೊಂದು ಅನುಕೂಲ.

ಆದರೆ ಒಂದು ವೆಚ್ಚ ಯೋಜನಾ ವರದಿಯ ಅಂಕಣಗಳಲ್ಲಿ ಕಾಣುವಂತಹುದಲ್ಲ. ಹೊಸ ರಂಗಮಂದಿರಕ್ಕಾಗಿ ಸೌತ್ ಸ್ಟ್ರೀಟ್‌ನ ಒಂದು ಭಾಗವನ್ನು, ಅಂದರೆ ಡಾಸನ್ ಮತ್ತು ಮೆಕ್‌ಡೊವೆಲ್ ರಸ್ತೆಗಳ ನಡುವಣ ತುಂಡನ್ನು, ಶಾಶ್ವತವಾಗಿ ಮುಚ್ಚಬೇಕಾಗಿತ್ತು. ಸುತ್ತಲಿನ ನಿವಾಸಿಗಳಿಂದ ವಿರೋಧ ಬಂದದ್ದು ಮುಖ್ಯವಾಗಿ ಇದಕ್ಕೇ. ಸಂಗೀತ ಬೇಡವೆಂದಲ್ಲ, ಪೂರ್ವ-ಪಶ್ಚಿಮ ಸಂಪರ್ಕ ಕಡಿಯುತ್ತದೆಂಬುದು ಅವರ ಅಳಲು. 2024ರಲ್ಲಿ ನಗರ ಪಾಲಿಕೆ ಪ್ರಸ್ತಾಪಕ್ಕೆ ಒಪ್ಪಿಗೆ ನೀಡಿತು. ಕಟ್ಟಡಕ್ಕೆ ಬಿಲ್ಲು ಇರುತ್ತದೆ, ಸವಕಳಿ ಇರುತ್ತದೆ. ಸುತ್ತುಬಳಸಿ ಹೋಗುವ ನಾಗರಿಕನ ಹತ್ತು ನಿಮಿಷಕ್ಕೆ ವೋಚರ್ ಇರುವುದಿಲ್ಲ. ಆ ವೆಚ್ಚವನ್ನು ಅಂದಾಜಾಗಿಯಾದರೂ ಬರೆದು, ಅದರ ಎದುರು ಪರಿಹಾರ ಕ್ರಮಗಳನ್ನು ತೋರಿಸಿದ್ದರೆ ಮಾತ್ರ ಇಂತಹ ಲೆಕ್ಕ ಪೂರ್ಣವಾಗುತ್ತದೆ.

ಇನ್ನು ಅಂಗಡಿಯ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಕಾರ್ಯಕ್ರಮಗಳು ನಡೆಯುವ ಮೈದಾನದ ಎದುರು ಒಂದು ತಿಂಡಿ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 40 ಕಾರ್ಯಕ್ರಮ, ಪ್ರತಿ ಸಲ 15,000 ರೂ. ಹೆಚ್ಚುವರಿ ಮಾರಾಟ. ಸಾಮಗ್ರಿ ಮತ್ತು ಹೆಚ್ಚುವರಿ ಕೂಲಿ ಕಳೆದು ಶೇ. 35 ಉಳಿದರೆ ಒಂದು ರಾತ್ರಿಗೆ 5,250 ರೂ., ವರ್ಷಕ್ಕೆ 2,10,000 ರೂ. ಹಿಂದಿನ ಬೀದಿಗಿಂತ ಇಲ್ಲಿ ಬಾಡಿಗೆ ತಿಂಗಳಿಗೆ 10,000 ರೂ. ಹೆಚ್ಚು, ಅಂದರೆ ವರ್ಷಕ್ಕೆ 1,20,000. ಹೀಗೆ ಈ ಜಾಗದಿಂದ ದೊರೆಯುವ ನಿವ್ವಳ ಪ್ರಯೋಜನ 90,000 ರೂ. ಮೈದಾನ ಸ್ವಲ್ಪ ದೂರ ಸರಿದು ಹೆಚ್ಚುವರಿ ಮಾರಾಟ ಅರ್ಧಕ್ಕೆ ಇಳಿದರೆ ಉಳಿಕೆ 1,05,000 ಆಗುತ್ತದೆ, ಬಾಡಿಗೆ ಮಾತ್ರ ಇಳಿಯುವುದಿಲ್ಲ. ಪರಿಣಾಮ 15,000 ರೂ. ನಷ್ಟ. ಮಾರಾಟ ಅರ್ಧವಾದರೆ ಲಾಭವೂ ಅರ್ಧವಾಗುತ್ತದೆಂದು ತಿಳಿದ ವ್ಯಾಪಾರಿ ಇಲ್ಲಿ ಎಡವುತ್ತಾನೆ. ಹಳೆಯ ಪ್ರಮಾಣದ ಮಾರಾಟವಿದ್ದರೂ ಆ ಹೆಚ್ಚುವರಿ ಬಾಡಿಗೆಯನ್ನು ದುಡಿಯಲು 23 ರಾತ್ರಿಗಳು ಬೇಕು. ಸ್ಥಳಾಂತರದ ನಡುವೆ ಒಂದು ವರ್ಷ ಮೈದಾನವೇ ಇಲ್ಲದಿದ್ದರೆ 1,20,000 ರೂಪಾಯಿಯೂ ಕೈಯಿಂದಲೇ ಹೋಗುತ್ತದೆ.

ಆದಕಾರಣ ಸಾರ್ವಜನಿಕ ಅಹವಾಲು ಸಭೆಗೆ ಹೋಗುವ ಸದಸ್ಯರು ಕೇಳಬೇಕಾದುದು 'ಏಕೆ ಸ್ಥಳಾಂತರ' ಎಂಬುದನ್ನಷ್ಟೇ ಅಲ್ಲ. ಹಳೆಯದು ಮುಚ್ಚುವ ದಿನಕ್ಕೂ ಹೊಸದು ತೆರೆಯುವ ದಿನಕ್ಕೂ ನಡುವೆ ಎಷ್ಟು ತಿಂಗಳು ಎಂಬುದು ಅದಕ್ಕಿಂತ ತುರ್ತಿನ ಪ್ರಶ್ನೆ. ಎಷ್ಟು ಕಾರ್ಯಕ್ರಮಗಳ ಖಾತರಿ ಇದೆ, ಕಾಲ್ದಾರಿ ಯಾವ ಬೀದಿಯತ್ತ ತೆರೆಯುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ಹನ್ನೊಂದು ತಿಂಗಳ ಕರಾರಿನಲ್ಲಿರುವವರಿಗೆ ಚಿಂತೆ ಕಡಿಮೆ. ದೊಡ್ಡ ಮುಂಗಡ ಕೊಟ್ಟು ದೀರ್ಘಾವಧಿ ಗುತ್ತಿಗೆಗೆ ಸಹಿ ಹಾಕುವವರು, ಎದುರಿನ ಸಾರ್ವಜನಿಕ ಸೌಲಭ್ಯ ಸ್ಥಳಾಂತರಗೊಂಡಲ್ಲಿ ಬಾಡಿಗೆ ಇಳಿಸುವ ಅಥವಾ ದಂಡವಿಲ್ಲದೆ ಗುತ್ತಿಗೆ ಕೊನೆಗೊಳಿಸುವ ಷರತ್ತನ್ನು ನೋಂದಣಿಗೆ ಮುನ್ನವೇ ಪತ್ರದಲ್ಲಿ ಸೇರಿಸಿಕೊಳ್ಳತಕ್ಕದ್ದು.