ರಕ್ಷಕ ಕೋಶಗಳ ನಿಯತ ಮರಣವೂ ಉಪವಾಸವೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಶ್ರಾವಕರ ಮನೆಗಳಲ್ಲಿ ದಶಲಕ್ಷಣ ಪರ್ವವು ಸಮೀಪಿಸಿತೆಂದರೆ ಉಪವಾಸದ ಸಂಕಲ್ಪ ಮೊದಲಾಗುತ್ತದೆ. ಅದೇ ಮನೆಯಲ್ಲಿ ಉಬ್ಬಸಕ್ಕಾಗಿಯೋ ಸಂಧಿವಾತಕ್ಕಾಗಿಯೋ ಪ್ರೆಡ್ನಿಸೊಲೋನ್ ಮೊದಲಾದ ಸ್ಟೀರಾಯ್ಡ್ ಗುಳಿಗೆಯನ್ನು ನಿತ್ಯವೂ ಸೇವಿಸುವ ಹಿರಿಯರು ಇರಬಹುದು. ಉಪವಾಸಕ್ಕೂ ಈ ಗುಳಿಗೆಗೂ ದೇಹದೊಳಗೆ ಒಂದು ಸಂಬಂಧವುಂಟು. ಅದನ್ನು ಅರಿಯದೆ ಗುಳಿಗೆಯನ್ನು ಬಿಟ್ಟರೆ ಪ್ರಾಣಾಪಾಯ ಒದಗಬಹುದು. ಆದುದರಿಂದ ವಿಷಯವನ್ನು ಮೂಲದಿಂದ ತಿಳಿಯೋಣ.

೧. ನಿಯತ ಮರಣವೆಂದರೇನು?

ಜೀವಕೋಶಗಳ ಮರಣವನ್ನು ಮುಖ್ಯವಾಗಿ ಎರಡು ಬಗೆಯಾಗಿ ಹೇಳಬಹುದು. ಸುಟ್ಟ ಅಥವಾ ಜಜ್ಜಿದ ಕೋಶವು ಒಡೆದು, ಒಳಗಿನ ದ್ರವ್ಯವು ಸುತ್ತ ಚೆಲ್ಲಿ, ಉರಿಯೂತವಾಗುತ್ತದೆ. ಎರಡನೆಯ ಬಗೆಯಲ್ಲಿ ಕೋಶವು ತಾನೇ ಕುಗ್ಗಿ, ತನ್ನ ಡಿ.ಎನ್.ಎ.ಯನ್ನು ತುಂಡರಿಸಿಕೊಂಡು, ಸಣ್ಣ ಸಣ್ಣ ಪೊಟ್ಟಣಗಳಾಗುತ್ತದೆ. ನೆರೆಯ ಕೋಶಗಳು ಅವನ್ನು ಉರಿಯೂತವಿಲ್ಲದೆ ನುಂಗಿಬಿಡುತ್ತವೆ. ೧೯೭೨ರಲ್ಲಿ ಕೆರ್, ವೈಲಿ, ಕರಿ ಎಂಬ ವಿಜ್ಞಾನಿಗಳು ಇದನ್ನು ಅಪೊಪ್ಟೋಸಿಸ್ ಎಂದು ಕರೆದರು. ಎಲೆ ಉದುರುವುದೆಂಬುದು ಆ ಗ್ರೀಕ್ ಪದದ ಅರ್ಥ.

ರೋಗದೊಡನೆ ಹೋರಾಡುವ ಟಿ ಕೋಶಗಳು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬೆಳೆಯುತ್ತವೆ. ಅಲ್ಲಿ ಹುಟ್ಟಿದವುಗಳಲ್ಲಿ ನೂರಕ್ಕೆ ೯೫ಕ್ಕೂ ಹೆಚ್ಚು ಅಲ್ಲಿಯೇ ಅಳಿಯುತ್ತವೆ. ಏಕೆಂದರೆ ಕೆಲವು ನಿರುಪಯುಕ್ತ. ಕೆಲವು ಸ್ವಂತ ದೇಹವನ್ನೇ ಶತ್ರುವೆಂದು ಭಾವಿಸುವಂಥವು. ಈ ಮರಣ ತಪ್ಪಿದರೆ ದೇಹವು ತನ್ನನ್ನು ತಾನೇ ಹಿಂಸಿಸುತ್ತದೆ; ಮಿತಿಮೀರಿದರೆ ಸೋಂಕಿಗೆ ಬಾಗಿಲು ತೆರೆಯುತ್ತದೆ.

೨. ಮರಣವನ್ನು ಕರೆಯುವ ಮತ್ತು ತಡೆಯುವ ವಸ್ತುಗಳು

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಸ್ರವಿಸುತ್ತವೆ. ಸ್ಟೀರಾಯ್ಡ್ ಗುಳಿಗೆಯು ಇದರದೇ ಕೃತಕ ಬಂಧು. ಇಂಥ ವಸ್ತು ಥೈಮಸಿನ ಕೋಶವನ್ನು ಹೊಕ್ಕಾಗ ಡಿ.ಎನ್.ಎ.ಯನ್ನು ಕತ್ತರಿಸುವ ಕಿಣ್ವವು ಎಚ್ಚರಗೊಳ್ಳುತ್ತದೆಂದು ವೈಲಿ ೧೯೮೦ರಲ್ಲಿ ತೋರಿಸಿದರು. ಆದರೆ ಒಂದೇ ವಸ್ತು ಎಲ್ಲ ಕೋಶಗಳಿಗೂ ಒಂದೇ ಫಲವನ್ನು ಕೊಡುವುದಿಲ್ಲ. ಉಬ್ಬಸವನ್ನು ಕೆರಳಿಸುವ ಇಯೋಸಿನೋಫಿಲ್ ಕೋಶಗಳಿಗೆ ಸ್ಟೀರಾಯ್ಡ್ ಮರಣವನ್ನು ತರುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿಕೋಶಗಳ ಆಯುಷ್ಯವನ್ನು ಹೆಚ್ಚಿಸುತ್ತದೆ.

ತಡೆಯುವ ವಸ್ತುಗಳೂ ಉಂಟು. ಇಂಟರ್‌ಲ್ಯೂಕಿನ್ ೨ ಮತ್ತು ೭ ಎಂಬ ಸಂದೇಶವಸ್ತುಗಳು ಟಿ ಕೋಶಗಳನ್ನು ಬದುಕಿಸುತ್ತವೆ. ಕೋಶದೊಳಗಿನ ಬಿ.ಸಿ.ಎಲ್. ೨ ಎಂಬ ಪ್ರೋಟೀನು ಮರಣಕ್ಕೆ ಅಡ್ಡಗಟ್ಟೆಯಾಗಿದೆ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಈ ಗಟ್ಟೆ ಬಲಿತು, ಸಾಯಬೇಕಾದ ಕೋಶಗಳು ಸಾಯುವುದಿಲ್ಲ. ೨೦೧೬ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವೆನೆಟೊಕ್ಲಾಕ್ಸ್ ಎಂಬ ಔಷಧವು ಆ ಗಟ್ಟೆಯನ್ನೇ ಒಡೆಯುತ್ತದೆ.

ಸತುವೂ ಇಂಥದೊಂದು ರಕ್ಷಕ. ಗಂಗಾವತಿಯ ಭತ್ತದ ರೈತರು ಸತುವಿನ ಸಲ್ಫೇಟನ್ನು ಗೊಬ್ಬರವಾಗಿ ಬಲ್ಲರು. ಸತುವು ಕಡಿಮೆಯಾದರೆ ಪೈರು ಸೊರಗುವಂತೆ, ದೇಹದಲ್ಲಿ ಕಡಿಮೆಯಾದರೆ ಥೈಮಸ್ ಸೊರಗುತ್ತದೆ. ಹಾಗೆಂದು ಸತುವಿನ ಗುಳಿಗೆಯನ್ನು ಮನಬಂದಂತೆ ನುಂಗಲಾಗದು. ಅತಿಯಾದರೆ ತಾಮ್ರದ ಕೊರತೆಯುಂಟಾಗುತ್ತದೆ.

೩. ಉಪವಾಸದಲ್ಲಿ ನಡೆಯುವುದೇನು?

ಆಹಾರ ನಿಂತಾಗ ರಕ್ತದಲ್ಲಿ ಕಾರ್ಟಿಸಾಲ್ ಏರುತ್ತದೆ. ದೀರ್ಘವಾಗಿ ಹಸಿದ ಪ್ರಾಣಿಗಳಲ್ಲಿಯೂ ತೀವ್ರ ಅಪೌಷ್ಟಿಕತೆಯ ಮಕ್ಕಳಲ್ಲಿಯೂ ಥೈಮಸ್ ಕುಗ್ಗುತ್ತದೆ. ಆಹಾರ ದೊರೆತಾಗ ಮತ್ತೆ ಬೆಳೆಯುತ್ತದೆ. ೨೦೧೯ರಲ್ಲಿ ಪ್ರಕಟವಾದ ಇಲಿಗಳ ಪರೀಕ್ಷೆಯೊಂದು ಇನ್ನೊಂದು ಮುಖವನ್ನು ತೋರಿಸಿತು. ಆಹಾರವನ್ನು ಮಿತಗೊಳಿಸಿದಾಗ, ಹಳೆಯ ರೋಗಗಳ ನೆನಪನ್ನು ಹೊತ್ತ ಟಿ ಕೋಶಗಳು ಎಲುಬಿನ ಮಜ್ಜೆಯಲ್ಲಿ ಆಶ್ರಯ ಪಡೆದು ಉಳಿದುಕೊಂಡವು. ಇದನ್ನು ನಡೆಸಿದುದೂ ಕಾರ್ಟಿಸಾಲಿನ ವರ್ಗದ ರಸವೇ. ಇಲಿಯಲ್ಲಿ ಕಂಡುದನ್ನು ಹಾಗೆಯೇ ಮನುಷ್ಯನಿಗೆ ಅನ್ವಯಿಸಲಾಗದಾದರೂ, ಆರೋಗ್ಯವಂತ ದೇಹವು ಹಸಿವಿನಲ್ಲಿ ಈ ರಸವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆಂಬುದು ಇಲ್ಲಿಯ ಮುಖ್ಯಾಂಶ.

೪. ವ್ರತಿಗಳಿಗೆ ಸೂಚನೆ

ಮೂರು ನಾಲ್ಕು ವಾರಗಳಿಗೂ ಮೀರಿ ಸ್ಟೀರಾಯ್ಡ್ ಸೇವಿಸಿದವರಲ್ಲಿ ಅಡ್ರಿನಲ್ ಗ್ರಂಥಿಯು ತನ್ನ ಕೆಲಸವನ್ನು ಮರೆತಿರಬಹುದು. ಅಂಥವರು ವ್ರತದ ದಿನ ಗುಳಿಗೆಯನ್ನು ಥಟ್ಟನೆ ಬಿಟ್ಟರೆ, ಹೊರಗಿನ ರಸವೂ ಇಲ್ಲ, ಒಳಗಿನದೂ ಇಲ್ಲ. ನಿತ್ರಾಣ, ವಾಂತಿ, ತಲೆಸುತ್ತು, ರಕ್ತದೊತ್ತಡದ ಕುಸಿತ ಕಾಣಿಸುತ್ತವೆ. ಮನೆಯವರು ಇದನ್ನು ಉಪವಾಸದ ಸಹಜ ಬಳಲಿಕೆಯೆಂದು ಭಾವಿಸುವುದೇ ದೊಡ್ಡ ಅಪಾಯ. ಅಂಥ ಸಮಯದಲ್ಲಿ ಕೂಡಲೇ ಆಸ್ಪತ್ರೆಗೆ ಒಯ್ದು, ಸೇವಿಸುತ್ತಿದ್ದ ಗುಳಿಗೆಯ ಹೆಸರನ್ನು ತಿಳಿಸತಕ್ಕದ್ದು.

ನೀರನ್ನೂ ಬಿಡುವ ಉಪವಾಸದಲ್ಲಿ ಗುಳಿಗೆಗೆ ಅವಕಾಶವಿಲ್ಲ. ಆದುದರಿಂದ ಸಂಕಲ್ಪಕ್ಕೆ ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ೨೦೧೫ರಲ್ಲಿ ಆರಂಭವಾದ ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ವೈದ್ಯರನ್ನು ಕೇಳಬೇಕು. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿಗೆ ತಕ್ಕ ತಪವನ್ನು. ಬಾಹ್ಯ ತಪಗಳು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ವೈದ್ಯರು ಅನಶನ ಬೇಡವೆಂದರೆ, ಅವರು ಒಪ್ಪಿದಷ್ಟು ಅವಮೌದರ್ಯ, ರಸಪರಿತ್ಯಾಗಗಳನ್ನು ಆಚರಿಸಬಹುದು. ಇದರಿಂದ ವ್ರತಿಯ ಭಾವಕ್ಕೆ ಕುಂದಿಲ್ಲ.

ಮನನಕ್ಕೆ

೧. ಥೈಮಸಿನಲ್ಲಿ ಬಹುಪಾಲು ಕೋಶಗಳು ಅಳಿಯುವುದು ದೇಹಕ್ಕೆ ಏಕೆ ಹಿತ?
೨. ಸ್ಟೀರಾಯ್ಡ್ ಯಾವ ಕೋಶಕ್ಕೆ ಮರಣವನ್ನೂ ಯಾವುದಕ್ಕೆ ಆಯುಷ್ಯವನ್ನೂ ಕೊಡುತ್ತದೆ?
೩. ನಮ್ಮ ಮನೆಯ ವ್ರತಿಗಳಲ್ಲಿ ನಿತ್ಯ ಗುಳಿಗೆ ಸೇವಿಸುವವರು ಯಾರು? ಅವರು ವೈದ್ಯರನ್ನು ಕೇಳಿದ್ದಾರೆಯೇ?